ದಾನಿ ಅಂಡಾಣು: ಮಲೆನಾಡಿನ ದಂಪತಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ, ಶಿಕಾರಿಪುರದ ಕಡೆಯಿಂದ ಮಕ್ಕಳಾಗುವ ಚಿಕಿತ್ಸೆಗೆಂದು ಶಿವಮೊಗ್ಗಕ್ಕೆ ಬರುವ ದಂಪತಿಗಳ ಜೊತೆ, ಚಿಕಿತ್ಸೆ ಶುರುವಾಗುವ ಮೊದಲು ಕೂತು ಮಾತನಾಡುವುದು ನನ್ನ ಕೆಲಸ. ವೈದ್ಯರ ಎದುರು ಬಾಯಿಗೆ ಬಾರದ ಪ್ರಶ್ನೆಗಳು ಹೊರಗಿನ ಬೆಂಚಿನ ಮೇಲೆ, ಅದೂ ಗಂಡ ಔಷಧಿ ಅಂಗಡಿಗೆ ಹೋದ ಹೊತ್ತಿನಲ್ಲಿ, ಒಂದೊಂದಾಗಿ ಹೊರಬರುತ್ತವೆ. ಅಂತಹ ಪ್ರಶ್ನೆಗಳನ್ನೇ ಇಲ್ಲಿ ಆರಿಸಿಕೊಂಡಿದ್ದೇನೆ. 'ಬಂಜೆ' ಎಂಬ ಪದವನ್ನು ನಾನು ಬಳಸುವುದಿಲ್ಲ. ಓದುವವರೂ ಅದನ್ನು ಬಿಡುವುದು ಒಳ್ಳೆಯದು.

ದಾನಿ ಅಂಡಾಣು ಎಂದರೆ ಏನು? ಇದು ಬಾಡಿಗೆ ತಾಯ್ತನವೇ?

ಅಲ್ಲ. ಬಾಡಿಗೆ ತಾಯ್ತನದಲ್ಲಿ ಮಗುವನ್ನು ಹೊರುವವಳು ಬೇರೆಯವಳು. ಇಲ್ಲಿ ಬೇರೆಯವಳಿಂದ ಬರುವುದು ಅಂಡಾಣು ಮಾತ್ರ. ಒಬ್ಬ ದಾನಿಯ ಅಂಡಾಶಯದಿಂದ ಅಂಡಾಣುಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ನಿಮ್ಮ ಪತಿಯ ವೀರ್ಯಾಣುವಿನ ಜೊತೆ ಸೇರಿಸಿ, ಬೆಳೆದ ಭ್ರೂಣವನ್ನು ನಿಮ್ಮ ಗರ್ಭಕೋಶದಲ್ಲಿ ಇಡಲಾಗುತ್ತದೆ. ಅಲ್ಲಿಂದ ಮುಂದಿನ ಬಸುರು, ಬಯಕೆ, ಹೆರಿಗೆ, ಬಾಣಂತನ ಎಲ್ಲವೂ ನಿಮ್ಮವೇ. ಇದು ನಿನ್ನೆ ಮೊನ್ನೆಯ ಪ್ರಯೋಗವೂ ಅಲ್ಲ. ದಾನಿಯ ಅಂಡಾಣುವಿನಿಂದಾದ ಮೊದಲ ಹೆರಿಗೆಗಳು 1984ರ ಹೊತ್ತಿಗೇ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದ್ದವು.

ನನಗೆ 36 ವರ್ಷ, ಮುಟ್ಟು ಸರಿಯಾಗಿಯೇ ಆಗುತ್ತಿದೆ. ಆದರೂ ಎಎಂಎಚ್ ಕಡಿಮೆ ಇದೆ, ದಾನಿ ಅಂಡಾಣುವೇ ಗತಿ ಎಂದಿದ್ದಾರೆ. ಒಪ್ಪಬೇಕೆ?

ವರದಿ ಕೈಗೆ ಬಂದ ದಿನವೇ ಒಪ್ಪಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಅದಕ್ಕೆ ಕಾರಣವಿದೆ. ಹೆಣ್ಣು ಮಗು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಅವು ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ, ಆಮೇಲೆ ಹೊಸದಾಗಿ ಹುಟ್ಟುವುದಿಲ್ಲ. ಎಎಂಎಚ್ ಎಂಬ ರಕ್ತಪರೀಕ್ಷೆ ಹೇಳುವುದು ಕಣಜದಲ್ಲಿ ಇನ್ನೆಷ್ಟು ಉಳಿದಿದೆ ಎಂಬ ಅಂದಾಜನ್ನು. ಉಳಿದಿರುವ ಕಾಳು ಗಟ್ಟಿಯೋ ಜೊಳ್ಳೋ ಎಂಬುದನ್ನು ಅದು ಹೇಳಲಾರದು. ಅದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ವಯಸ್ಸು. ಆದ್ದರಿಂದಲೇ ಎಎಂಎಚ್ ಕಡಿಮೆಯಿದ್ದೂ ಸಹಜವಾಗಿ ಬಸುರಾದವರು ಇದ್ದಾರೆ, ಎಎಂಎಚ್ ಚೆನ್ನಾಗಿದ್ದೂ 43ರ ವಯಸ್ಸಿನಲ್ಲಿ ಭ್ರೂಣ ನಿಲ್ಲದವರೂ ಇದ್ದಾರೆ.

ನಿಮ್ಮ ವಯಸ್ಸಿನಲ್ಲಿ ಈ ಒಂದು ಅಂಕಿಯನ್ನು ಮುಂದಿಟ್ಟುಕೊಂಡು ದಾನಿಯ ಮಾತೆತ್ತಿದರೆ, ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನ ರಕ್ತದಲ್ಲಿ ನೋಡುವ, ಅಂಡಾಶಯಕ್ಕೆ ಚಾಲನೆ ಕೊಡುವ ಹಾರ್ಮೋನಾದ ಎಫ್‌ಎಸ್‌ಎಚ್ ಎಷ್ಟು, ಸ್ಕ್ಯಾನಿಂಗ್‌ನಲ್ಲಿ ಸಣ್ಣ ಕೋಶಿಕೆಗಳು ಎಷ್ಟು ಕಂಡವು, ನನ್ನದೇ ಅಂಡಾಣುವಿನಿಂದ ಒಮ್ಮೆ ಐವಿಎಫ್ (ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸಿ ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ) ಮಾಡಿ ನೋಡಬಾರದೇಕೆ ಎಂದು ಕೇಳಿ. ಬೇರೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಮೊದಲ ವೈದ್ಯರಿಗೆ ಮಾಡುವ ಅವಮಾನವಲ್ಲ. ದಾನಿ ಅಂಡಾಣುವಿನಲ್ಲಿ ಎಣಿಕೆಗೆ ಬರುವುದು ದಾನಿಯ ವಯಸ್ಸು. ಆದ್ದರಿಂದ ಯೋಚಿಸಲು ಎರಡು ತಿಂಗಳು ತೆಗೆದುಕೊಂಡರೆ ಆ ದಾರಿಯೇನೂ ಮುಚ್ಚಿಹೋಗುವುದಿಲ್ಲ. ಹಾಗಾಗಿ 'ಈ ವಾರವೇ ಹಣ ಕಟ್ಟಿ' ಎಂಬ ಅವಸರ ಯಾರದ್ದು ಎಂದು ವಿಚಾರಿಸುವುದು ತಪ್ಪಲ್ಲ.

ಹಾಗಾದರೆ ಯಾರಿಗೆ ಇದು ನಿಜವಾಗಿ ಬೇಕಾಗುತ್ತದೆ?

40 ತುಂಬುವ ಮೊದಲೇ ಅಂಡಾಶಯ ಕೆಲಸ ನಿಲ್ಲಿಸಿ ಮುಟ್ಟು ನಿಂತವರಿಗೆ, ಕ್ಯಾನ್ಸರಿನ ಕಿಮೋಥೆರಪಿ ಅಥವಾ ವಿಕಿರಣ ಚಿಕಿತ್ಸೆಯಿಂದ ಅಂಡಾಣುಗಳು ನಶಿಸಿದವರಿಗೆ, ಚಾಕೊಲೇಟ್ ಸಿಸ್ಟ್ ಎಂದು ಕರೆಯುವ ಗಡ್ಡೆಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾಗಿ ಅಂಡಾಶಯವೇ ಸವೆದವರಿಗೆ, ಟರ್ನರ್ ಸಿಂಡ್ರೋಮ್‌ನಂತಹ ಹುಟ್ಟು ಕಾರಣಗಳಿರುವವರಿಗೆ, ನಲವತ್ತರ ನಡುವಿಗೆ ಬಂದವರಿಗೆ, ಸ್ವಂತ ಅಂಡಾಣುವಿನಿಂದ ಹಲವು ಸಲ ಪ್ರಯತ್ನಿಸಿದರೂ ಒಳ್ಳೆಯ ಭ್ರೂಣ ಸಿಗದವರಿಗೆ, ತಾಯಿಯ ಕಡೆಯ ಗಂಭೀರ ಆನುವಂಶಿಕ ಕಾಯಿಲೆಯನ್ನು ಮಗುವಿಗೆ ದಾಟಿಸಲು ಇಷ್ಟವಿಲ್ಲದವರಿಗೆ.

ದಾನಿ ಅಂಡಾಣು ಎಂದ ಮೇಲೆ ಮಗು ಆಗುವುದು ಖಚಿತವೇ?

ಖಚಿತವಲ್ಲ. ಅಮೆರಿಕದಂತಹ, ಪ್ರತಿ ಚಿಕಿತ್ಸೆಯ ಲೆಕ್ಕವನ್ನು ಪ್ರಕಟಿಸುವ ದೇಶಗಳಲ್ಲಿ ಒಂದು ಸಲ ಭ್ರೂಣ ಇಟ್ಟರೆ ಹೆರಿಗೆಯವರೆಗೆ ತಲುಪುವವರು ಅರ್ಧದ ಆಸುಪಾಸಿನಲ್ಲಿದ್ದಾರೆ. ಸ್ವಂತ ಅಂಡಾಣುವಿನಿಂದ 43ರಲ್ಲಿ ಸಿಗುವ ಫಲಿತಾಂಶಕ್ಕೆ ಹೋಲಿಸಿದರೆ ಇದು ಬಹಳ ದೊಡ್ಡದು, ಆದರೆ ಉಳಿದರ್ಧದಲ್ಲಿ ನೀವು ಇರಬಹುದು ಎಂಬ ಸಿದ್ಧತೆಯೂ ಬೇಕು.

ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ: ಅಂಡಾಣು ಬದಲಾದರೆ ಅಂಡಾಣುವಿನ ತೊಂದರೆ ಮಾತ್ರ ಪರಿಹಾರವಾಗುತ್ತದೆ. ನಮ್ಮ ದೇಶದಲ್ಲಿ ಗರ್ಭಕೋಶದ ಕ್ಷಯ ಅಪರೂಪವಲ್ಲ. ಅದು ಒಳಪದರವನ್ನು ಗಾಯದ ಕಲೆಯಂತೆ ಒಣಗಿಸಿಬಿಟ್ಟರೆ, ಎಷ್ಟೇ ಒಳ್ಳೆಯ ದಾನಿಯ ಭ್ರೂಣವೂ ಅಲ್ಲಿ ಬೇರು ಬಿಡಲಾರದು. ಒಳಗೆ ಚಾಚಿಕೊಂಡ ಗೆಡ್ಡೆ, ನೀರು ತುಂಬಿದ ಗರ್ಭನಾಳ, ಹತೋಟಿಯಲ್ಲಿಲ್ಲದ ಥೈರಾಯ್ಡ್ ಮತ್ತು ಸಕ್ಕರೆ ಕಾಯಿಲೆ, ಪತಿಯ ವೀರ್ಯದ ದೋಷ, ಇವೆಲ್ಲವೂ ಹಾಗೆಯೇ ಉಳಿಯುತ್ತವೆ. ಎರಡು ಸಲ ದಾನಿಯ ಭ್ರೂಣ ಇಡಿಸಿಕೊಂಡು ಸೋತ ಮೇಲೆ ಗರ್ಭಕೋಶವನ್ನು ದುರ್ಬೀನಿನಿಂದ ಪರೀಕ್ಷಿಸಿಕೊಂಡವರನ್ನು ನಾನು ಕಂಡಿದ್ದೇನೆ. ಆ ಪರೀಕ್ಷೆ ಮೊದಲು ಆಗಬೇಕಿತ್ತು.

ದಾನಿ ಯಾರು? ಅವಳನ್ನು ಎಲ್ಲಿಂದ ಕರೆತರುತ್ತಾರೆ?

2022ರ ಜನವರಿ 25ರಿಂದ ಜಾರಿಯಲ್ಲಿರುವ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯ ಪ್ರಕಾರ ದಾನಿಯನ್ನು ಒದಗಿಸುವ ಅಧಿಕಾರ ನೋಂದಾಯಿತ ಅಂಡಾಣು-ವೀರ್ಯಾಣು ಬ್ಯಾಂಕಿಗೆ ಮಾತ್ರ ಇದೆ. ದಾನಿಗೆ 23ರಿಂದ 35 ವರ್ಷದೊಳಗಿನ ವಯಸ್ಸಾಗಿರಬೇಕು. ಅವಳು ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ, ಮತ್ತು ಒಬ್ಬ ದಾನಿಯ ಅಂಡಾಣುಗಳನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಬ್ಯಾಂಕು ಅವಳ ಹೆಸರು, ವಿಳಾಸ, ಆಧಾರ್ ಸಂಖ್ಯೆಯನ್ನು ದಾಖಲಿಸಿಕೊಳ್ಳುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆಗಳಾಗುತ್ತವೆ. ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕತನದ ಪರೀಕ್ಷೆ ಆಗಿದೆಯೇ ಎಂಬುದನ್ನು ನೀವೇ ಕೇಳಿ ತಿಳಿದುಕೊಳ್ಳಿ, ವಿಶೇಷವಾಗಿ ನಿಮ್ಮ ಪತಿ ವಾಹಕರಾಗಿದ್ದರೆ.

'ಒಂದೇ ದಂಪತಿಗೆ' ಎಂಬ ನಿಯಮ ಒಂದು ಹಳೆಯ ಭಯಕ್ಕೆ ಉತ್ತರವಾಗಿದೆ. ಮುಂದೆ ಗೊತ್ತಿಲ್ಲದೆ ಒಡಹುಟ್ಟಿದವರ ನಡುವೆಯೇ ಸಂಬಂಧ ಬೆಳೆದರೆ ಎಂದು ಅನೇಕರು ಕೇಳುತ್ತಾರೆ. ದಾನಿಗೆ ಸ್ವಂತ ಮಕ್ಕಳಿರಬಹುದಾದ್ದರಿಂದ ಸಾಧ್ಯತೆ ಸೊನ್ನೆಯಲ್ಲ, ಆದರೆ ಒಬ್ಬಳ ಅಂಡಾಣು ಹತ್ತಾರು ಮನೆಗಳಿಗೆ ಹಂಚಿಹೋಗುವ ಪರಿಸ್ಥಿತಿಗೆ ಕಾನೂನಿನಲ್ಲಿ ಅವಕಾಶವಿಲ್ಲ.

ಏಳರ ಮಿತಿ ನಿಮ್ಮ ಲೆಕ್ಕಾಚಾರವನ್ನೂ ಬದಲಿಸುತ್ತದೆ. ಏಳು ಅಂಡಾಣುಗಳಲ್ಲಿ ಐದರಷ್ಟು ಫಲಿತಗೊಂಡು, ಐದನೆಯ ದಿನದವರೆಗೆ ಬೆಳೆಯುವ ಭ್ರೂಣಗಳು ಎರಡೋ ಮೂರೋ ಆಗಬಹುದು. 'ಹದಿನೈದು ಅಂಡಾಣು ಕೊಡಿಸುತ್ತೇವೆ' ಎಂದು ಯಾರಾದರೂ ಹೇಳಿದರೆ, ಅವರು ಕಾನೂನನ್ನು ಮೀರುತ್ತಿದ್ದಾರೆ ಅಥವಾ ನಿಮಗೆ ಸುಳ್ಳು ಹೇಳುತ್ತಿದ್ದಾರೆ.

ನನ್ನ ತಂಗಿಯೇ ಕೊಡಲು ಸಿದ್ಧಳಿದ್ದಾಳೆ. ಹೊರಗಿನವರೇಕೆ?

ಇದು ಅತ್ಯಂತ ಸಹಜವಾದ ಆಸೆ. ಅಕ್ಕನಿಗಾಗಿ ತಂಗಿ ಮುಂದೆ ಬರುವುದು ನಮ್ಮ ಮನೆಗಳಿಗೆ ಹೊಸತೂ ಅಲ್ಲ. ಆದರೆ ದಾನಿ ಬ್ಯಾಂಕಿನ ಮೂಲಕವೇ, ಗುರುತು ತಿಳಿಯದ ರೀತಿಯಲ್ಲಿಯೇ ಬರಬೇಕೆಂಬುದು ಈಗಿನ ವ್ಯವಸ್ಥೆ. ತಂಗಿಯನ್ನು ಜೊತೆಗೆ ಕರೆತಂದು 'ಇವಳಿಂದ ತೆಗೆದು ನನಗೆ ಇಡಿ' ಎಂದು ಆಸ್ಪತ್ರೆಗೆ ಹೇಳಲಾಗದು.

ಹಿಂದಿನ ನಿಯಮಗಳ ಕಾಲದಲ್ಲಿ ತಂಗಿಯ ಅಂಡಾಣುವಿನಿಂದ ಅವಳಿ ಮಕ್ಕಳನ್ನು ಪಡೆದ ದಂಪತಿಯೊಂದರ ವ್ಯಾಜ್ಯ ಬಾಂಬೆ ಹೈಕೋರ್ಟಿನವರೆಗೆ ಹೋಗಿತ್ತು. ಗಂಡ ಹೆಂಡತಿ ಬೇರೆಯಾದ ಮೇಲೆ ಮಕ್ಕಳ ತಾಯಿ ಯಾರು ಎಂಬ ಪ್ರಶ್ನೆ ಎದ್ದಿತು. ತಂಗಿ ದಾನಿಯಷ್ಟೇ, ಆಕೆಗೆ ತಾಯಿಯ ಕಾನೂನುಬದ್ಧ ಹಕ್ಕಿಲ್ಲ ಎಂದು ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ಹೇಳಿ, ಅಕ್ಕನಿಗೆ ಮಕ್ಕಳನ್ನು ಭೇಟಿ ಮಾಡುವ ಅವಕಾಶ ಕೊಟ್ಟಿತು. ಕಾನೂನಿನ ಉತ್ತರ ಸ್ಪಷ್ಟವಾಗಿಯೇ ಇತ್ತು. ಆದರೂ ಆ ಉತ್ತರ ಪಡೆಯಲು ಅಕ್ಕ ತಂಗಿಯರ ನಡುವಿನ ವಿಷಯ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಬೆಳ್ಳಗಿರುವ ದಾನಿಯನ್ನು ಆರಿಸಿಕೊಳ್ಳಬಹುದೇ? ಫೋಟೊ ತೋರಿಸುತ್ತಾರೆಯೇ?

ದಾನಿಯ ಹೆಸರು, ಊರು, ಫೋಟೊ ತಿಳಿಸುವುದಿಲ್ಲ. ಎತ್ತರ, ಮೈಬಣ್ಣ, ರಕ್ತದ ಗುಂಪು, ವಿದ್ಯಾಭ್ಯಾಸದಂತಹ ಗುರುತು ಹತ್ತದ ವಿವರಗಳನ್ನು ನೋಡಿ ನಿಮಗೆ ಹೋಲುವವರನ್ನು ಹೊಂದಿಸುತ್ತಾರೆ. ಹೊಂದಿಸುವುದೆಂದರೆ ನಿಮಗೆ ಹೋಲಿಸುವುದು. ಗಂಡನೂ ಹೆಂಡತಿಯೂ ಗೋಧಿ ಬಣ್ಣದವರಾಗಿದ್ದು ಹಾಲಿನ ಬಣ್ಣದ ದಾನಿಯನ್ನು ಕೇಳುವುದು ಎಷ್ಟು ಸರಿ ಎಂದು ನಾನು ಕೇಳಿದಾಗ, ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ.

ಗಂಡು ಮಗುವೇ ಬೇಕೆಂದು ಕೇಳಬಹುದೇ?

ಇಲ್ಲ. ಲಿಂಗ ಆಯ್ಕೆ ಈ ಕಾಯ್ದೆಯಲ್ಲಿಯೂ, 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಲ್ಲಿಯೂ ಅಪರಾಧ.

ವಯಸ್ಸಿನ ಮಿತಿ ಇದೆಯೇ? ಗಂಡನಿಲ್ಲದವರು ಪಡೆಯಬಹುದೇ?

ಚಿಕಿತ್ಸೆ ಪಡೆಯುವ ಹೆಣ್ಣಿಗೆ 21 ದಾಟಿರಬೇಕು, 50 ಮೀರಿರಬಾರದು. ಗಂಡಿಗೆ 21 ದಾಟಿರಬೇಕು, 55 ಮೀರಿರಬಾರದು. ವಿಧವೆಯರು ಮತ್ತು ಅವಿವಾಹಿತ ಮಹಿಳೆಯರೂ ಈ ಕಾಯ್ದೆಯಡಿ ಚಿಕಿತ್ಸೆ ಪಡೆಯಬಹುದು.

ಆ ಮಗು ನಿಜವಾಗಿಯೂ ನನ್ನದೇ ಆಗಿರುತ್ತದೆಯೇ?

ಈ ಪ್ರಶ್ನೆಯನ್ನು ಕೇಳದವರನ್ನು ನಾನು ಈವರೆಗೆ ಕಂಡಿಲ್ಲ, ಮತ್ತು ಇದಕ್ಕೆ ಕಾನೂನಿನ, ಶರೀರಶಾಸ್ತ್ರದ ಹಾಗೂ ಮನಸ್ಸಿನ ಉತ್ತರಗಳು ಬೇರೆ ಬೇರೆ ಇವೆ. ಕಾನೂನಿನ ಉತ್ತರ ಒಂದೇ ಸಾಲಿನದು: ಮಗು ನಿಮ್ಮ ಜೈವಿಕ ಮಗುವೆಂದೇ ಪರಿಗಣಿತವಾಗುತ್ತದೆ, ಆಸ್ತಿಯೂ ಸೇರಿದಂತೆ ಎಲ್ಲ ಹಕ್ಕುಗಳು ಅದಕ್ಕಿರುತ್ತವೆ, ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇರುವುದಿಲ್ಲ. ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ನಿಮ್ಮದೇ.

ಶರೀರಶಾಸ್ತ್ರದ ಉತ್ತರವನ್ನು ಸಿಹಿ ಲೇಪಿಸದೆ ಹೇಳಬೇಕು. ಮಗುವಿನ ವಂಶವಾಹಿಗಳಲ್ಲಿ ಅರ್ಧ ನಿಮ್ಮ ಪತಿಯವು, ಇನ್ನರ್ಧ ದಾನಿಯವು. ಹೊಟ್ಟೆಯಲ್ಲಿ ಹೊತ್ತ ಮಾತ್ರಕ್ಕೆ ಡಿಎನ್‌ಎ ನಿಮ್ಮದಾಗುವುದಿಲ್ಲ. ಹಾಗೆ ಹೇಳಿ ಸಮಾಧಾನಪಡಿಸುವವರನ್ನು ನಂಬಬೇಡಿ. ಅದೇ ಹೊತ್ತಿಗೆ, ಹೊರುವುದು ಎಂದರೆ ಖಾಲಿ ಚೀಲದಲ್ಲಿ ಇಟ್ಟುಕೊಳ್ಳುವುದೂ ಅಲ್ಲ. ಆ ಭ್ರೂಣ ನಿಮ್ಮ ರಕ್ತದಿಂದ ಪಡೆದ ಆಹಾರದಲ್ಲಿ, ನಿಮ್ಮ ಹಾರ್ಮೋನುಗಳ ನಡುವೆ ಬೆಳೆಯುತ್ತದೆ. ಯಾವ ವಂಶವಾಹಿ ಎಷ್ಟು ಕೆಲಸ ಮಾಡಬೇಕೆಂಬುದರ ಮೇಲೆ ಗರ್ಭದೊಳಗಿನ ಪರಿಸರವೂ ಪ್ರಭಾವ ಬೀರುತ್ತದೆ. ಹುಟ್ಟುವಾಗಿನ ತೂಕ ದಾನಿಯ ಮೈಕಟ್ಟಿಗಿಂತ ಹೊತ್ತ ತಾಯಿಯ ಮೈಕಟ್ಟನ್ನೇ ಹೆಚ್ಚು ಅನುಸರಿಸುತ್ತದೆ ಎಂದು ಅಧ್ಯಯನ ಕಂಡಿದೆ. ಎದೆಹಾಲು ಎಲ್ಲ ಬಾಣಂತಿಯರಿಗೆ ಬರುವಂತೆಯೇ ಬರುತ್ತದೆ.

ಮನಸ್ಸಿನ ಉತ್ತರ ನಿಧಾನವಾದದ್ದು. ತನ್ನ ಮೂಗು, ತನ್ನ ಅಮ್ಮನ ಗುಂಗುರು ಕೂದಲು ಮಗುವಿನಲ್ಲಿ ಕಾಣದು ಎಂಬ ದುಃಖ ನಿಜವಾದ ದುಃಖ. ಅದನ್ನು ಅನುಭವಿಸಲು ಸ್ವಲ್ಪ ಕಾಲ ಕೊಟ್ಟ ಮೇಲೆ ಮುಂದುವರಿದವರು, ಅದನ್ನು ನುಂಗಿಕೊಂಡು ಆತುರದಲ್ಲಿ ಮುಂದುವರಿದವರಿಗಿಂತ ಬಸುರಿನ ದಿನಗಳನ್ನು ಹಗುರವಾಗಿ ಕಳೆದದ್ದನ್ನು ನಾನು ನೋಡಿದ್ದೇನೆ.

ನಮ್ಮಲ್ಲಿ ಬಳಿ (ಕುಲದ ಕವಲು) ತಾಯಿಯಿಂದ ಬರುತ್ತದೆ. ಈ ಮಗುವಿನ ಬಳಿ ಯಾವುದು?

ಗೋತ್ರ ತಂದೆಯಿಂದ ಬರುವ ಮನೆಗಳವರು ಇದನ್ನು ಕೇಳುವುದಿಲ್ಲ. ಬಳಿಯನ್ನು ತಾಯಿಯ ಕಡೆಯಿಂದ ಎಣಿಸುವ ಮಲೆನಾಡಿನ ಸಮುದಾಯಗಳವರು ಕೇಳುತ್ತಾರೆ, ಮತ್ತು ಕೇಳುವುದು ನ್ಯಾಯವೇ ಆಗಿದೆ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ. ಹೊಸನಗರದ ಕಡೆಯ ಒಂದು ಕುಟುಂಬದ ಅಜ್ಜಿಯೊಬ್ಬರು, ಹೆತ್ತವಳ ಬಳಿಯೇ ಮಗುವಿನ ಬಳಿ, ಬೀಜದ ಲೆಕ್ಕ ಯಾರು ಕೇಳುತ್ತಾರೆ ಎಂದುಬಿಟ್ಟರು. ಎಲ್ಲ ಮನೆಗಳಲ್ಲಿಯೂ ಅಷ್ಟು ಸುಲಭವಾಗಿ ತೀರುವುದಿಲ್ಲ, ಆದ್ದರಿಂದ ಈ ಪ್ರಶ್ನೆ ನಿಮ್ಮನ್ನು ಕಾಡುತ್ತಿದ್ದರೆ ಭ್ರೂಣ ಇಡಿಸಿಕೊಳ್ಳುವ ಮೊದಲೇ ಗಂಡ ಹೆಂಡತಿ ಮಾತನಾಡಿ ಮುಗಿಸಿಕೊಳ್ಳಿ.

ಚಿಕಿತ್ಸೆ ಹೇಗೆ ನಡೆಯುತ್ತದೆ? ಎಷ್ಟು ದಿನ ಊರು ಬಿಟ್ಟಿರಬೇಕು?

ದಾನಿಗೆ 10ರಿಂದ 12 ದಿನ ಚುಚ್ಚುಮದ್ದು ಕೊಟ್ಟು, ಕೊನೆಯ ಚುಚ್ಚುಮದ್ದಿನ ಸುಮಾರು 36 ಗಂಟೆಗಳ ನಂತರ ಅರಿವಳಿಕೆಯಲ್ಲಿ ಅಂಡಾಣು ತೆಗೆಯುತ್ತಾರೆ. ಶೀತಲೀಕರಿಸಿಟ್ಟ ಅಂಡಾಣುವಾದರೆ ಅದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇರುತ್ತದೆ. ನಿಮ್ಮ ಪಾಲಿನ ಕೆಲಸ ಗರ್ಭಕೋಶದ ಒಳಪದರವನ್ನು ಸಿದ್ಧಪಡಿಸುವುದು. ಎರಡು ಮೂರು ವಾರ ಈಸ್ಟ್ರೊಜೆನ್ ಮಾತ್ರೆ ತೆಗೆದುಕೊಂಡು, ಸ್ಕ್ಯಾನಿಂಗ್‌ನಲ್ಲಿ ಒಳಪದರ ಏಳು ಮಿಲಿಮೀಟರಿಗಿಂತ ದಪ್ಪವಾಯಿತೆಂದ ಮೇಲೆ ಪ್ರೊಜೆಸ್ಟರಾನ್ ಶುರುಮಾಡಿ, ಮೂರನೆಯ ಅಥವಾ ಐದನೆಯ ದಿನದ ಭ್ರೂಣವನ್ನು ತೆಳುವಾದ ನಳಿಕೆಯಿಂದ ಒಳಗಿಡುತ್ತಾರೆ. ಅದಕ್ಕೆ ಅರಿವಳಿಕೆ ಸಾಮಾನ್ಯವಾಗಿ ಬೇಕಾಗದು. ಸುಮಾರು ಎರಡು ವಾರದ ನಂತರ ರಕ್ತಪರೀಕ್ಷೆ. ಬಸುರು ನಿಂತರೆ ಹಾರ್ಮೋನ್ ಔಷಧಿ ಹತ್ತು ಹನ್ನೆರಡು ವಾರಗಳವರೆಗೆ ಮುಂದುವರಿಯುತ್ತದೆ. ಮುಟ್ಟು ನಿಂತುಹೋದವರಲ್ಲಿ ಹಾರ್ಮೋನನ್ನು ಸ್ವಂತ ಅಂಡಾಶಯ ಕೊಡದಿರುವುದರಿಂದ, ಯಾರೋ ಹೇಳಿದರೆಂದು ನಡುವೆ ನಿಲ್ಲಿಸಿದರೆ ಗರ್ಭ ಉಳಿಯದು.

ಬೆಂಗಳೂರಿಗೋ ಮಣಿಪಾಲಕ್ಕೋ ಮಂಗಳೂರಿಗೋ ಹೋಗುವವರು, ನಡುವಿನ ಸ್ಕ್ಯಾನಿಂಗ್‌ಗಳನ್ನು ಶಿವಮೊಗ್ಗದಲ್ಲಿ ಮಾಡಿಸಿ ವರದಿಯನ್ನು ಕಳುಹಿಸಬಹುದೇ ಎಂದು ಮೊದಲೇ ಕೇಳಿಕೊಂಡರೆ ನಾಲ್ಕಾರು ಪ್ರಯಾಣ ಉಳಿಯುತ್ತದೆ. ಭ್ರೂಣ ಇಟ್ಟ ಮೇಲೆ ತಿಂಗಳುಗಟ್ಟಲೆ ಮಲಗಬೇಕೆಂಬುದಕ್ಕೆ ಆಧಾರವಿಲ್ಲ. ಬಸ್ಸಿನ ಕುಲುಕಾಟದಿಂದ ಭ್ರೂಣ ಜಾರಿಬೀಳುವುದೂ ಇಲ್ಲ. ಆದರೂ ಆಷಾಢದ ಮಳೆಯಲ್ಲಿ ಆಗುಂಬೆ ಘಾಟಿ ಇಳಿಯುವ ದಿನವನ್ನೇ ಭ್ರೂಣ ಇಡುವ ದಿನವಾಗಿ ಇಟ್ಟುಕೊಳ್ಳಬೇಡಿ. ಮಣ್ಣು ಕುಸಿದು ದಾರಿ ಮುಚ್ಚಿದರೆ ವಾರಗಟ್ಟಲೆ ಸಿದ್ಧಪಡಿಸಿದ ಒಳಪದರದ ಲೆಕ್ಕವೇ ತಪ್ಪುತ್ತದೆ, ಹಿಂದಿನ ದಿನವೇ ಹೋಗಿ ಉಳಿಯಿರಿ. ಕೆಲವು ಚುಚ್ಚುಮದ್ದುಗಳನ್ನು ಎರಡರಿಂದ ಎಂಟು ಡಿಗ್ರಿಯಲ್ಲಿ ಇಡಬೇಕಾಗುತ್ತದೆ. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಊರಿನವರು ಅದನ್ನು ಪೇಟೆಯ ಔಷಧಿ ಅಂಗಡಿಯ ಫ್ರಿಜ್‌ನಲ್ಲಿ ಇಡಿಸುವುದು ಮೇಲು.

ಚಳಿಗಾಲದಿಂದ ಬೇಸಿಗೆಯವರೆಗೆ ಭ್ರೂಣ ಇಡಿಸಿಕೊಳ್ಳುವವರಿಗೆ ಇನ್ನೊಂದು ಮಾತು. ಅದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಜ್ವರ ಉಣುಗಿನ ಕಡಿತದಿಂದ ಹರಡುತ್ತದೆ. ದರಗು ಗುಡಿಸಲು, ಸೊಪ್ಪು ತರಲು ಕಾಡಿಗೆ ಹೋಗುವ ಕೆಲಸವನ್ನು ಆ ತಿಂಗಳುಗಳಲ್ಲಿ ಮನೆಯ ಬೇರೆಯವರಿಗೆ ಬಿಡಿ, ಜ್ವರ ಬಂದರೆ ತಡಮಾಡದೆ ತೋರಿಸಿ.

ಹೆರಿಗೆ ಮಾಡಿಸುವ ಡಾಕ್ಟರಿಗೆ ದಾನಿಯ ವಿಷಯ ಹೇಳಲೇಬೇಕೆ? ಊರಿನ ನರ್ಸ್ ನಮ್ಮ ನೆಂಟರೇ.

ನೆಂಟರಿಗೆ ಹೇಳಬೇಕಿಲ್ಲ, ವೈದ್ಯರಿಗೆ ಹೇಳಲೇಬೇಕು. ಗುಟ್ಟು ಕಾಪಾಡುವ ಹೊಣೆ ಅವರ ಮೇಲಿದೆ, ಬೇಕಿದ್ದರೆ ತಾಯಿ ಕಾರ್ಡಿನಲ್ಲಿ ಬರೆಯದೆ ಬಾಯಿಮಾತಿನಲ್ಲಿ ಹೇಳಿ. ದಾನಿ ಅಂಡಾಣುವಿನ ಬಸುರಿನಲ್ಲಿ ರಕ್ತದೊತ್ತಡ ಏರುವ ಮತ್ತು ಅದು ಪ್ರೀಎಕ್ಲಾಂಪ್ಸಿಯಾ ಎಂಬ ಗಂಭೀರ ಸ್ಥಿತಿಯಾಗಿ ತಿರುಗುವ ಅಪಾಯ, ಸ್ವಂತ ಅಂಡಾಣುವಿನ ಐವಿಎಫ್ ಬಸುರಿಗಿಂತಲೂ ಸ್ಪಷ್ಟವಾಗಿ ಹೆಚ್ಚು. ಇದು ಗೊತ್ತಿದ್ದರೆ ವೈದ್ಯರು ಹನ್ನೆರಡನೆಯ ವಾರದಿಂದ ಕಡಿಮೆ ಪ್ರಮಾಣದ ಆಸ್ಪಿರಿನ್ ಬರೆಯಬಹುದು, ಬಿಪಿಯನ್ನು ಹೆಚ್ಚು ಸಲ ನೋಡುತ್ತಾರೆ. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು ಕಂಡರೆ ಮಾರನೆಯ ದಿನದ ಬಸ್ಸಿಗೆ ಕಾಯಬಾರದು.

ಡೌನ್ ಸಿಂಡ್ರೋಮ್ ಸಾಧ್ಯತೆಯನ್ನು ಅಂದಾಜು ಮಾಡುವ 11ರಿಂದ 13ನೆಯ ವಾರದ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ಅಂಡಾಣುವಿನ ವಯಸ್ಸು. ನಿಮಗೆ 44, ದಾನಿಗೆ 26 ಎಂದಿಟ್ಟುಕೊಳ್ಳಿ. 44 ಎಂದು ಬರೆಸಿದರೆ ಸುಮ್ಮಸುಮ್ಮನೆ 'ಅಪಾಯ ಹೆಚ್ಚು' ಎಂಬ ವರದಿ ಬಂದು, ಬೇಡದ ಆತಂಕ ಮತ್ತು ಬೇಡದ ಸೂಜಿ ಪರೀಕ್ಷೆ ಎರಡೂ ಎದುರಾಗುತ್ತವೆ. ರಕ್ತದ ಗುಂಪಿನದು ಇನ್ನೊಂದು ಸೂಕ್ಷ್ಮ: ಗಂಡ ಹೆಂಡತಿ ಇಬ್ಬರೂ ನೆಗೆಟಿವ್ ಆಗಿದ್ದರೆ ಮಗುವೂ ನೆಗೆಟಿವ್ ಎಂದು ವೈದ್ಯರು, ಪಾಸಿಟಿವ್ ಮಗು ಹೊತ್ತ ನೆಗೆಟಿವ್ ತಾಯಿಗೆ ಕೊಡುವ ಆಂಟಿ-ಡಿ ಚುಚ್ಚುಮದ್ದನ್ನು ಬಿಟ್ಟುಬಿಡಬಹುದು. ದಾನಿ ಪಾಸಿಟಿವ್ ಆಗಿದ್ದರೆ ಮಗು ಪಾಸಿಟಿವ್ ಆಗಿರಬಹುದಲ್ಲ!

ಒಂದೇ ಸಲ ಎರಡು ಭ್ರೂಣ ಇಟ್ಟರೆ ಖರ್ಚು ಉಳಿಯುವುದಿಲ್ಲವೇ?

ಅವಳಿಗಳಾದರೆ ಅವಧಿಗೆ ಮೊದಲಿನ ಹೆರಿಗೆ, ಮೇಲೆ ಹೇಳಿದ ಬಿಪಿಯ ಅಪಾಯ, ನವಜಾತ ಶಿಶುವಿನ ಐಸಿಯು, ಎಲ್ಲವೂ ಹೆಚ್ಚುತ್ತವೆ. ದಾನಿಯ ಭ್ರೂಣ ನಿಲ್ಲುವ ಸಾಧ್ಯತೆ ಚೆನ್ನಾಗಿಯೇ ಇರುವುದರಿಂದ ಒಂದನ್ನು ಇಟ್ಟು ಉಳಿದದ್ದನ್ನು ಶೀತಲೀಕರಿಸುವುದೇ ಲೇಸು.

ಅತ್ತೆಯವರಿಗೆ, ಮುಂದೆ ಮಗುವಿಗೆ, ಹೇಳಬೇಕೆ?

ಅತ್ತೆ, ನಾದಿನಿ, ಓರಗಿತ್ತಿಯರಿಗೆ ಹೇಳುವುದು ಬಿಡುವುದು ಸಂಪೂರ್ಣ ನಿಮ್ಮಿಬ್ಬರ ಆಯ್ಕೆ. ಆದರೆ ಒಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ, ಕೊನೆಗೆ ಮಗುವೊಂದಕ್ಕೆ ಬಿಟ್ಟು ಅಡಿಕೆ ಸುಲಿಯುವ ಚಪ್ಪರದಲ್ಲಿ ಕೂತ ಎಲ್ಲರಿಗೂ ಗೊತ್ತಿರುವ ಸ್ಥಿತಿ ಮಾತ್ರ ಬರಬಾರದು.

ಮಗುವಿಗೆ ಹೇಳಬೇಕು ಎಂಬುದು ನನ್ನ ನಿಲುವು. ಹೆಚ್ಚಿನ ದಂಪತಿಗಳು ಮೊದಲಿಗೆ ಒಪ್ಪುವುದಿಲ್ಲ. ಗುಟ್ಟು ಉಳಿಯುವುದು ಕಷ್ಟ ಎಂಬುದು ಒಂದು ಕಾರಣ. ತಾಯಿಯ ರಕ್ತದ ಗುಂಪು ಎಬಿ, ಮಗುವಿನದು ಓ ಎಂದಾದರೆ, ಶಾಲೆಯ ಗುರುತಿನ ಚೀಟಿಯೂ ಪಿಯುಸಿಯ ಜೀವಶಾಸ್ತ್ರದ ಪಾಠವೂ ಸೇರಿ ಸಾಕು. ಎರಡನೆಯದು, ನಾಳೆ ವೈದ್ಯರು 'ತಾಯಿಯ ಕಡೆ ಸಕ್ಕರೆ ಕಾಯಿಲೆ ಇದೆಯೇ, ಸ್ತನದ ಕ್ಯಾನ್ಸರ್ ಇದೆಯೇ' ಎಂದು ಕೇಳಿದಾಗ ಆ ಮಗು ತಪ್ಪು ಉತ್ತರ ಕೊಡುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸೂಸನ್ ಗೋಲಂಬೋಕ್ ಮತ್ತು ಸಂಗಡಿಗರು ಇಂತಹ ಕುಟುಂಬಗಳನ್ನು ಮಕ್ಕಳಿಗೆ 20 ತುಂಬುವವರೆಗೆ ಗಮನಿಸಿ 2023ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಏಳು ವರ್ಷದೊಳಗೆ ವಿಷಯ ತಿಳಿದ ಮನೆಗಳಲ್ಲಿ ಸಂಬಂಧಗಳು ಹೆಚ್ಚು ಚೆನ್ನಾಗಿದ್ದವು. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ ನಂತರದ ದಾನಿಗಳ ಗುರುತನ್ನು 18 ತುಂಬಿದ ಮಕ್ಕಳು ಕೇಳಿ ಪಡೆಯಬಹುದು. ನಮ್ಮಲ್ಲಿ ಹಾಗಿಲ್ಲ; ದಾನಿ ಯಾರೆಂದು ನೀವೂ ಹೇಳಲಾರಿರಿ. 'ನೀನು ಹೊಟ್ಟೆಗೆ ಬರಲು ಒಬ್ಬ ಅಕ್ಕ ನಮಗೆ ಒಂದು ಸಣ್ಣ ಬೀಜ ಕೊಟ್ಟಳು' ಎಂದು ನಾಲ್ಕು ವರ್ಷದ ಮಗುವಿಗೆ ಹೇಳುವುದು, ಹದಿನೆಂಟರವನಿಗೆ ಕೂರಿಸಿ ಹೇಳುವುದಕ್ಕಿಂತ ಬಹಳ ಸುಲಭ.

ದಾನಿಗೆ ತೊಂದರೆಯಾಗುವುದಿಲ್ಲವೇ? ಪಾಪ ನಮಗೆ ಸುತ್ತಿಕೊಳ್ಳದೇ?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಿದವರ ಮೇಲೆ ನನಗೆ ಗೌರವ ಹೆಚ್ಚು. ಚುಚ್ಚುಮದ್ದಿಗೆ ಅಂಡಾಶಯ ಅತಿಯಾಗಿ ಸ್ಪಂದಿಸಿ ಹೊಟ್ಟೆಯಲ್ಲಿ ನೀರು ತುಂಬುವುದು, ಅಂಡಾಣು ತೆಗೆಯುವಾಗ ರಕ್ತಸ್ರಾವ ಅಥವಾ ಸೋಂಕು, ಅರಿವಳಿಕೆಯ ತೊಂದರೆ, ಇವು ಅಪರೂಪವಾದರೂ ನಿಜ. ಅದಕ್ಕಾಗಿಯೇ ದಾನಿಯ ಹೆಸರಿನಲ್ಲಿ 12 ತಿಂಗಳ ವಿಮೆ ಮಾಡಿಸುವುದು ಚಿಕಿತ್ಸೆ ಪಡೆಯುವ ದಂಪತಿಯ ಕಡ್ಡಾಯ ಹೊಣೆ. ಬಿಲ್ಲಿನಲ್ಲಿ ಆ ಸಾಲು ಇಲ್ಲದಿದ್ದರೆ 'ಮರೆತಿದ್ದೀರಿ' ಎಂದು ನೀವೇ ನೆನಪಿಸಿ.

ಖರ್ಚಿನಲ್ಲಿ ಮೋಸಹೋಗದಿರಲು ಏನು ನೋಡಬೇಕು?

ಬ್ಯಾಂಕಿನ ಶುಲ್ಕ, ದಾನಿಯ ಔಷಧಿ ಮತ್ತು ವಿಮೆ, ಪ್ರಯೋಗಾಲಯ, ಭ್ರೂಣ ಇಡುವುದು, ಶೀತಲೀಕರಣದ ವಾರ್ಷಿಕ ಬಾಡಿಗೆ, ಎರಡನೆಯ ಪ್ರಯತ್ನದ ದರ, ಇಷ್ಟನ್ನೂ ಬಿಡಿಬಿಡಿಯಾಗಿ ಬರಹದಲ್ಲಿ ಪಡೆಯಿರಿ. ಐವಿಎಫ್ ಮಾಡಲು ಆಸ್ಪತ್ರೆ ಎರಡನೆಯ ಹಂತದ ಕ್ಲಿನಿಕ್ ಆಗಿ ನೋಂದಣಿಯಾಗಿರಬೇಕು; ಮೊದಲ ಹಂತದವರು ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಸೇರಿಸುವುದು) ಮಾತ್ರ ಮಾಡಬಹುದು. ನೋಂದಣಿ ಐದು ವರ್ಷಕ್ಕೆ ಇರುತ್ತದೆ, ದಿನಾಂಕ ನೋಡಿ. ದೂರು ಕೇಳುವ ಘಟಕ ಪ್ರತಿ ಕ್ಲಿನಿಕ್ಕಿನಲ್ಲಿಯೂ ಇರಬೇಕೆಂದು ಕಾನೂನೇ ಹೇಳುತ್ತದೆ. ಅಂಡಾಣುವಿನ ಮಾರಾಟ ಅಪರಾಧ. ಮೊದಲ ಸಲಕ್ಕೆ ಐದರಿಂದ ಹತ್ತು ಲಕ್ಷ ರೂಪಾಯಿ ದಂಡ, ಮತ್ತೆ ಮಾಡಿದರೆ ಮೂರರಿಂದ ಎಂಟು ವರ್ಷ ಜೈಲು. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ 'ಏಜೆಂಟ್' ಎಷ್ಟೇ ಪರಿಚಿತನಾದರೂ ಅವನ ಕೈಗೆ ನಗದು ಕೊಡಬೇಡಿ.

ಸಹಿ ಹಾಕಿದ ಮೇಲೆ ಮನಸ್ಸು ಬದಲಾದರೆ? ಉಳಿದ ಭ್ರೂಣಗಳು ಏನಾಗುತ್ತವೆ?

ಭ್ರೂಣವನ್ನು ಗರ್ಭಕೋಶದಲ್ಲಿ ಇಡುವ ಕ್ಷಣದವರೆಗೂ ಒಪ್ಪಿಗೆಯನ್ನು ಹಿಂಪಡೆಯಬಹುದು. ಉಳಿದ ಭ್ರೂಣಗಳನ್ನು ಹತ್ತು ವರ್ಷಗಳವರೆಗೆ ಕಾಯ್ದಿರಿಸಬಹುದು. ಎರಡನೆಯ ಮಗುವಿಗೆ ಅದೇ ದಾನಿಯ ಭ್ರೂಣ ಬೇಕೆನಿಸಿದರೆ ಇದೊಂದೇ ದಾರಿ, ಏಕೆಂದರೆ ಅದೇ ದಾನಿ ಮತ್ತೆ ಬರುವಂತಿಲ್ಲ.

ಇದು ಬೇಡವೆನಿಸಿದರೆ?

ಬೇಡವೆನ್ನಬಹುದು. ದತ್ತು ಪಡೆಯುವ ಯೋಚನೆಯಿದ್ದರೆ ಮಾತ್ರ ತಡಮಾಡಬೇಡಿ. 2022ರ ದತ್ತು ನಿಯಮಗಳ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ಗಂಡ ಹೆಂಡತಿಯ ಒಟ್ಟು ವಯಸ್ಸು 85 ಮೀರಿರಬಾರದು, ಮತ್ತು ಸರದಿ ಉದ್ದವಿದೆ.

ಮೊದಲ ಭೇಟಿಗೆ ಏನೇನು ಒಯ್ಯಬೇಕು?

ಇಬ್ಬರ ಆಧಾರ್, ಮದುವೆಯ ದಾಖಲೆ, ಈವರೆಗಿನ ಎಲ್ಲ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ವರದಿ, ಹಿಂದಿನ ಐವಿಎಫ್ ಆಗಿದ್ದರೆ ಎಷ್ಟು ಅಂಡಾಣು ಸಿಕ್ಕವು, ಎಷ್ಟು ಭ್ರೂಣವಾದವು ಎಂಬ ಬಿಡುಗಡೆ ಪತ್ರ, ಗಂಡನ ವೀರ್ಯಪರೀಕ್ಷೆಯ ವರದಿ. ಮಳೆಗಾಲವಾದರೆ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಳ್ಳಿ; ನೆನೆದು ಅಕ್ಷರ ಅಳಿಸಿಹೋದ ವರದಿಗಾಗಿ ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡಿಸಿದವರಿದ್ದಾರೆ.